ಪೂರ್ಣ ಬೆಂಬಲವಿದೆ, ಪಕ್ಕದ ರಸ್ತೆಯಲ್ಲಿ

ತಮ್ಮಷ್ಟಕ್ಕೆ ತಾವು ಬದುಕಲಾರದ ವಯಸ್ಕರಿಗೆ ಬೆಂಗಳೂರಿನಷ್ಟು ಆಸರೆ ಕೊಟ್ಟ ಊರು ಇನ್ನೊಂದಿಲ್ಲ. ನಮ್ಮ ಬಡಾವಣೆಯಲ್ಲಿ ಇಂಥವರಿಗೆಂದೇ ರಸ್ತೆಗೊಂದು ಮನೆಯಿದೆ. ಅನ್ನಕ್ಕೆ ಎಷ್ಟು ನೀರಿಡಬೇಕೆಂದು ಇವರಿಗೆ ಗೊತ್ತಿಲ್ಲ. ಒಣಗಲು ಹಾಕಿದ ಬಟ್ಟೆಯಲ್ಲಿ ತಮ್ಮದು ಯಾವುದೆಂದು ಗುರುತು ಹಿಡಿಯಲಾರರು. ಯಾರಾದರೂ ಬಾಗಿಲು ಬಡಿಯದಿದ್ದರೆ ಏಳುವುದಿಲ್ಲ. ಕೋಣೆಗೆ ನಾಲ್ಕು ಮಂಚ, ಮೆಟ್ಟಿಲ ಕೆಳಗೆ ಚಪ್ಪಲಿಯ ರಾಶಿ. ಹೊತ್ತಿಗೆ ಸರಿಯಾಗಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಸಾಂಬಾರು ನೀರಾಗಿದ್ದರೆ ಮುನಿಸಿಕೊಂಡು ಸ್ವಿಗ್ಗಿ ತರಿಸುತ್ತಾರೆ. ರಾತ್ರಿ ಒಂಬತ್ತಕ್ಕೆ ಊರಿಂದ ಅಮ್ಮನ ಫೋನು: "ಊಟ ಆಯ್ತೇನೋ? ಸ್ವೆಟರ್ ಹಾಕ್ಕೊಂಡ್ಯಾ?" ಹತ್ತೂವರೆಗೆ ವಾರ್ಡನ್ ಗೇಟಿಗೆ ಬೀಗ ಹಾಕುತ್ತಾನೆ. ಈ ಮನೆಗೆ ಪಿ.ಜಿ. ಎನ್ನುತ್ತಾರೆ, ಒಳಗಿರುವವರಿಗೆ ಸಾಫ್ಟ್‌ವೇರ್ ಇಂಜಿನಿಯರ್ ಎನ್ನುತ್ತಾರೆ. ಬಡಾವಣೆಯಲ್ಲಿ ಯಾರದೂ ತಕರಾರಿಲ್ಲ. ತಕರಾರು ಇರುವುದಾದರೂ ಹೇಗೆ, ನಿವಾಸಿಗಳ ಸಂಘದ ಅಧ್ಯಕ್ಷರವೇ ಎರಡು ಪಿ.ಜಿ. ನಡೆಯುತ್ತಿವೆ.

ಇದೇ ರಸ್ತೆಯ ಮೂಲೆಮನೆ ಖಾಲಿಯಾದಾಗ ಐದು ಕುಟುಂಬದವರು ಸೇರಿ ಬಾಡಿಗೆಗೆ ಕೇಳಿಕೊಂಡು ಬಂದರು. ಅವರ ಮಕ್ಕಳಿಗೆಲ್ಲ ಮೂವತ್ತು ದಾಟಿದೆ, ಒಬ್ಬನಿಗೆ ನಲವತ್ತನಾಲ್ಕು. ಒಬ್ಬಳಿಗೆ ಡೌನ್ ಸಿಂಡ್ರೋಮ್, ಇಬ್ಬರಿಗೆ ಆಟಿಸಂ, ಉಳಿದಿಬ್ಬರಿಗೆ ಬೌದ್ಧಿಕ ಬೆಳವಣಿಗೆಯ ತೊಂದರೆ. ಜೊತೆಗೆ ಹಗಲೂ ರಾತ್ರಿ ಪಾಳಿಯ ಮೇಲೆ ಆರೈಕೆಯವರು, ಅಡುಗೆಗೊಬ್ಬಾಕೆ. ಬೆಳಗ್ಗೆ ಐವರೂ ತರಬೇತಿ ಕೇಂದ್ರಕ್ಕೆ ಹೋಗಿ ಪೇಪರ್ ಕವರ್ ಅಂಟಿಸುತ್ತಾರೆ, ದೀಪದ ಬತ್ತಿ ಹೊಸೆಯುತ್ತಾರೆ, ಸಂಜೆ ಮನೆಗೆ ಬಂದು ಕಾಫಿ ಕುಡಿದು ಟೀವಿ ರಿಮೋಟಿಗೆ ಜಗಳ ಆಡುತ್ತಾರೆ. ಗ್ರೂಪ್ ಹೋಮ್ ಎಂದರೆ ಇಷ್ಟೇ. ಹತ್ತು ತಿಂಗಳ ಅಡ್ವಾನ್ಸು ಕೊಡಲು ಅವರು ತಯಾರಿದ್ದರು. ಮಾಲೀಕರು ಮೊದಲು ಹೂಂ ಎಂದವರು, ರಾತ್ರಿ ಹೆಂಡತಿಯ ಜೊತೆ ಮಾತಾಡಿದ ಮೇಲೆ, "ಸಂಘದವರನ್ನೂ ಒಂದು ಮಾತು ಕೇಳಿಬಿಡೋಣ" ಎಂದರು.

ಗಣಪತಿ ಗುಡಿ ಹಿಂದಿನ ಶೆಡ್ಡಿನಲ್ಲಿ ಸಭೆ ಸೇರಿತು. ಮೊದಲು ಎಲ್ಲರೂ ಕಣ್ಣೊರೆಸಿಕೊಂಡರು. ಕಾರ್ಯದರ್ಶಿಗಳು "ಇವರೆಲ್ಲ ದೇವರ ಮಕ್ಕಳು" ಎಂದಾಗ ಚಪ್ಪಾಳೆ ಬಿತ್ತು. ನಿವೃತ್ತ ಇಂಜಿನಿಯರ್ ಒಬ್ಬರು ಎದ್ದು, "ನಂಗೆ ಪರ್ಸನಲ್ ಆಗಿ ಏನೂ ಅಬ್ಜೆಕ್ಷನ್ ಇಲ್ಲ. ಆದ್ರೆ ಹೆಣ್ಮಕ್ಕಳು ಓಡಾಡೋ ರಸ್ತೆ ನೋಡಿ" ಎಂದರು. ಬರುವ ಐವರಲ್ಲಿ ಇಬ್ಬರು ಹೆಣ್ಣುಮಕ್ಕಳೇ ಎಂದು ಯಾರೋ ನೆನಪಿಸಿದ್ದಕ್ಕೆ, "ಅದೇ ಹೇಳ್ತಿರೋದು, ಅವರಿಗೂ ಸೇಫ್ಟಿ ಬೇಕಲ್ವಾ" ಎಂದು ತಿರುಗಿಸಿದರು. "ರಾತ್ರಿ ಕೂಗಾಡಿದ್ರೆ?" ಎಂದು ಕೇಳಿದ ಮೇಡಂ ಮನೆಯ ಪೊಮೆರೇನಿಯನ್ ನಾಲ್ಕೂವರೆಗೆ ಎದ್ದು ಇಡೀ ಬಡಾವಣೆಗೆ ಸುಪ್ರಭಾತ ಹಾಡುತ್ತದೆ. ಸೈಟಿನ ದರದ ಬಗ್ಗೆ ಬಾಯಿಬಿಟ್ಟು ಹೇಳಿದವರು ಬ್ರೋಕರ್ ಒಬ್ಬರೇ. ಅಷ್ಟರಮಟ್ಟಿಗೆ ಆ ಸಭೆಯಲ್ಲಿದ್ದ ಪ್ರಾಮಾಣಿಕ ಮನುಷ್ಯ ಅವರು. ಕೊನೆಗೆ ಎಲ್ಲರಿಗೂ ಇಷ್ಟವಾದ ಸಲಹೆಯೊಂದು ಬಂತು: ಇಂಥವರಿಗೆ ಈ ಟ್ರಾಫಿಕ್ಕು, ಹೊಗೆ ಯಾಕೆ? ಊರಾಚೆ, ಕನಕಪುರ ರಸ್ತೆಯ ಕಡೆ, ಮಾವಿನ ತೋಪಿನ ಮಧ್ಯೆ ಒಂದು ಮನೆ ಮಾಡಿಕೊಟ್ಟರೆ ಎಷ್ಟು ಚೆಂದ! ಸಲಹೆ ಕೊಟ್ಟವರನ್ನು ಅದೇ ತೋಪಿನಲ್ಲಿ ಒಂದು ರಾತ್ರಿ ಬಿಟ್ಟರೆ ಬೆಳಗಾಗುವ ಮುಂಚೆ ಓಲಾ ಹುಡುಕುತ್ತಾರೆ.

ನಿರ್ಣಯ ಸರ್ವಾನುಮತದ್ದು. ಇಂಥ ಉದಾತ್ತ ಕಾರ್ಯಕ್ಕೆ ಸಂಘದ ಪೂರ್ಣ ಬೆಂಬಲವಿದೆ. ಪಕ್ಕದ ರಸ್ತೆ ಹೆಚ್ಚು ಸೂಕ್ತ.

ಇಷ್ಟಕ್ಕೆಲ್ಲ ನಮ್ಮವರು ಒಂದು ಭಾನುವಾರ ಕಳೆದುಕೊಳ್ಳಬೇಕಿರಲಿಲ್ಲ. ಅಮೆರಿಕದ ಟೆಕ್ಸಸ್ ರಾಜ್ಯದ ಕ್ಲೀಬರ್ನ್ ಎಂಬ ಊರು ಈ ಕೆಲಸವನ್ನು ನಲವತ್ತು ವರ್ಷದ ಹಿಂದೆಯೇ ಅಚ್ಚುಕಟ್ಟಾಗಿ ಮಾಡಿಟ್ಟಿದೆ. ನಮ್ಮ ಬಡಾವಣೆಯ ಅರ್ಧ ಮಕ್ಕಳು ನೆಲೆಸಿರುವ ಡಲ್ಲಾಸಿನಿಂದ ಅದು ಕಾರಿನಲ್ಲಿ ಗಂಟೆಯ ದಾರಿ. ಯಾರಾದರೂ ಹೋಗಿ ಕಡತ ತರಬಹುದಿತ್ತು. 1980ರಲ್ಲಿ ಅಲ್ಲಿ ಒಬ್ಬಾಕೆ ನಾಲ್ಕು ಮಲಗುವ ಕೋಣೆಯ ಮನೆ ಕೊಂಡು, ಬೌದ್ಧಿಕ ನ್ಯೂನತೆಯ 13 ಮಂದಿ ಆರೈಕೆಯವರೊಂದಿಗೆ ವಾಸಿಸಲೆಂದು ಬಾಡಿಗೆಗೆ ಕೊಡಲು ಹೊರಟರು. ಊರಿನ ನಿಯಮದಂತೆ ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟಬಹುದು, ಆಸ್ಪತ್ರೆ ತೆರೆಯಬಹುದು, ಮುದುಕರ ನರ್ಸಿಂಗ್ ಹೋಮ್ ಇಡಬಹುದು, ಕಾಲೇಜು ಹುಡುಗರು ಒಟ್ಟಾಗಿ ಬೀರು ಕುಡಿದು ಕುಣಿಯುವ ಫ್ರಟರ್ನಿಟಿ ಮನೆಯನ್ನೂ ನಡೆಸಬಹುದು. ಯಾವುದಕ್ಕೂ ವಿಶೇಷ ಪರವಾನಗಿ ಬೇಡ. ಈ ಹದಿಮೂರು ಮಂದಿಗೆ ಮಾತ್ರ ಬೇಕು. ನಿಯಮದ ಪುಸ್ತಕ ಇವರನ್ನು ಹುಚ್ಚಾಸ್ಪತ್ರೆ, ಕುಡುಕರು, ಮಾದಕ ವ್ಯಸನಿಗಳು ಮತ್ತು ಸೆರೆಮನೆಯ ಪಂಕ್ತಿಯಲ್ಲಿ ಕೂರಿಸಿತ್ತು.

ನಗರಸಭೆ ಮೂರಕ್ಕೆ ಒಂದು ಮತದಿಂದ ಪರವಾನಗಿ ನಿರಾಕರಿಸಿತು. ಕೊಟ್ಟ ಕಾರಣಗಳನ್ನು ಚೌಕಟ್ಟು ಹಾಕಿಸಿ ನಮ್ಮ ಸಂಘದ ಗೋಡೆಗೆ ತೂಗುಹಾಕಬೇಕು. ಸುತ್ತಲಿನವರಿಗೆ ಇಷ್ಟವಿಲ್ಲ. ಮನೆಯಲ್ಲಿ ಜನ ಜಾಸ್ತಿಯಾಗುತ್ತಾರೆ. ಎದುರಿಗೆ ಶಾಲೆಯಿದೆ, ಅಲ್ಲಿನ ಹುಡುಗರು ಇವರನ್ನು ಗೋಳುಹೊಯ್ದುಕೊಳ್ಳಬಹುದು. ಹುಡುಗರಿಗೆ ಬುದ್ಧಿ ಹೇಳುವುದಕ್ಕಿಂತ ಇವರನ್ನು ಬರದಂತೆ ತಡೆಯುವುದು ಸುಲಭ. ಆ ಶಾಲೆಯಲ್ಲೇ ಇಂಥ ನ್ಯೂನತೆಯಿರುವ ಸುಮಾರು 30 ಮಕ್ಕಳು ಆಗಲೇ ಓದುತ್ತಿದ್ದರು ಎಂಬುದು ಬೇರೆ ಮಾತು. ಇಷ್ಟು ಸಾಲದೆಂದು ಇನ್ನೊಂದು: ಆ ಜಾಗ ಐನೂರು ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ವ್ಯಾಪ್ತಿಯಲ್ಲಿದೆ. ಅಂದರೆ ವಿಜಯನಗರದ ಕಾಲದಲ್ಲಿ ಒಮ್ಮೆ ನೀರು ಬಂದಿದ್ದರೆ, ಈಗೊಮ್ಮೆ ಬರಬಹುದು, ಆಗ ಇವರು ಓಡಲಾರರು ಎಂಬ ಕಾಳಜಿ. ಅದೇ ನೀರು ನರ್ಸಿಂಗ್ ಹೋಮಿನ ಮುದುಕರನ್ನೂ ಆಸ್ಪತ್ರೆಯ ರೋಗಿಗಳನ್ನೂ ದಾಟಿಕೊಂಡು ಇವರೊಬ್ಬರ ಮನೆಗೇ ನುಗ್ಗುತ್ತದೆಂದು ನಗರಸಭೆಗೆ ಹೇಗೋ ತಿಳಿದಿತ್ತು. 1985ರ ಜುಲೈ 1ರಂದು ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನೆಲ್ಲ ಓದಿ, ಉಳಿದವರಿಗಿಲ್ಲದ ಪರವಾನಗಿಯನ್ನು ಇವರಿಂದ ಕೇಳುವುದಕ್ಕೆ ಪೂರ್ವಗ್ರಹವಲ್ಲದೆ ಬೇರೆ ಆಧಾರ ಕಾಣುತ್ತಿಲ್ಲವೆಂದು ನಗರಸಭೆಯ ಆದೇಶವನ್ನು ತೆಗೆದುಹಾಕಿತು.

ನಮ್ಮವರು ನೆರೆಯ ಕಾರಣ ಎತ್ತಲಿಲ್ಲ. ಎತ್ತುವಂತಿರಲಿಲ್ಲ, ಬಡಾವಣೆ ಇರುವುದೇ ಕೆರೆಯಂಗಳದಲ್ಲಿ. ಇಲ್ಲಿ ಪ್ರವಾಹಕ್ಕೆ ಐನೂರು ವರ್ಷ ಬೇಕಿಲ್ಲ, ಐನೂರು ನಿಮಿಷದ ಮಳೆ ಸಾಕು. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದ ಕೋಟಿ ಕೋಟಿ ಬೆಲೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರ್ ಟ್ರೇಲರುಗಳಲ್ಲಿ ಕೂರಿಸಿ ಹೊರಗೆ ತಂದದ್ದನ್ನು ದೇಶವೆಲ್ಲ ನೋಡಿತು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಟ್ರೇಲರಿನಲ್ಲಿ ನಿಂತಿದ್ದ ಆ ಮಹನೀಯರು ಸ್ವತಂತ್ರವಾಗಿ ಬದುಕಲು ಸಮರ್ಥರೇ ಎಂದು ಯಾವ ಸಮಿತಿಯೂ ಪರೀಕ್ಷೆ ಮಾಡಲಿಲ್ಲ.

ಇನ್ನು ಗಲಾಟೆಯ ಭಯ. ವಯಸ್ಕರನ್ನು ಗುಂಪಾಗಿ ಇರಿಸಿದರೆ ಏನಾದೀತೋ ಎಂಬ ಆತಂಕ ಕರ್ನಾಟಕದವರಿಗೆ ಇರುವುದು ಸಹಜ, ನಮಗೆ ಆ ಅನುಭವ ಬೇಕಾದಷ್ಟಿದೆ. 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರನ್ನು ಕರೆತಂದು ಬಿಡದಿ ಬಳಿಯ ರೆಸಾರ್ಟಿನಲ್ಲಿ ಇರಿಸಲಾಯಿತು. ಎಲ್ಲರೂ ವಯಸ್ಕರು, ಮತ ಹಾಕಿಸಿಕೊಂಡು ಬಂದವರು. ಆದರೂ ಒಬ್ಬೊಬ್ಬರನ್ನೇ ಹೊರಗೆ ಬಿಟ್ಟರೆ ಯಾರಾದರೂ ಚಾಕೊಲೇಟು ಕೊಟ್ಟು ಕರೆದೊಯ್ದಾರು ಎಂದು ಮನೆಯ ಹಿರಿಯರಿಗೆ ದಿಗಿಲು. ಅದೇ ಜಾಗದಲ್ಲಿ 2019ರ ಜನವರಿಯಲ್ಲಿ ನಮ್ಮವರೇ ಶಾಸಕರು ತಂಗಿದ್ದಾಗ ಇಬ್ಬರ ನಡುವೆ ಕೈಕೈ ಮಿಲಾಯಿಸಿ ಒಬ್ಬರು ಆಸ್ಪತ್ರೆ ಸೇರಿದರು. ಸುತ್ತಲಿನ ನಿವಾಸಿಗಳ ಸಂಘ ಆಕ್ಷೇಪ ಎತ್ತಿದ್ದನ್ನು ನಾನು ಕೇಳಿಲ್ಲ. ಮೂಲೆಮನೆಗೆ ಬರಬೇಕಿದ್ದ ಐವರಲ್ಲಿ ಅತ್ಯಂತ ಅಪಾಯಕಾರಿ ಎಂದರೆ ಬಿಸ್ಕತ್ತಿನ ಡಬ್ಬಿ ಬಚ್ಚಿಡುವ ಒಬ್ಬಾಕೆ, ಅಷ್ಟೇ.

ಅವರ ತಂದೆತಾಯಂದಿರನ್ನು ನೋಡಬೇಕು. ಎಲ್ಲರಿಗೂ ಅರವತ್ತೈದು ದಾಟಿದೆ, ಮಂಡಿ ಹೋಗಿದೆ, ಸಕ್ಕರೆ ಕಾಯಿಲೆಯಿದೆ. ಯಾವ ಮಾತು ಎಲ್ಲಿಂದ ಶುರುವಾದರೂ ಒಂದೇ ಕಡೆ ಬಂದು ನಿಲ್ಲುತ್ತದೆ: ನಮ್ಮ ನಂತರ ಯಾರು? ಇದಕ್ಕೆ ನೆಂಟರು ಕೊಡುವ ಉತ್ತರ "ದೇವರಿದ್ದಾನೆ." ದೇವರು ಡೈಪರ್ ಬದಲಿಸುವುದಿಲ್ಲವೆಂದು ಯಾರೂ ತಿರುಗಿ ಹೇಳುವುದಿಲ್ಲ, ಸಂಕೋಚ. ಡಲ್ಲಾಸಿನಲ್ಲಿರುವ ಅಣ್ಣ ವೀಡಿಯೊ ಕಾಲಿನಲ್ಲಿ "ಡೋಂಟ್ ವರಿ ಅಮ್ಮ, ಏನಾದ್ರೂ ಮಾಡೋಣ" ಎನ್ನುತ್ತಾನೆ. ಆ "ಏನಾದ್ರೂ" ಎಂಬುದಕ್ಕೆ ವಿಳಾಸವಿಲ್ಲ, ಬಾಡಿಗೆ ಕರಾರಿಲ್ಲ.

ಸರ್ಕಾರದ ಉತ್ತರ ಹೆಚ್ಚು ಖಚಿತವಾಗಿತ್ತು: ನೀವು ಮೊದಲು ಸಾಯಿರಿ. ಗೇಲಿಯಲ್ಲ, ಕಾನೂನು. ಆದಾಯ ತೆರಿಗೆಯ 80ಡಿಡಿ ಕಲಮಿನ ಪ್ರಕಾರ ಅಂಗವೈಕಲ್ಯವುಳ್ಳ ಮಗನಿಗೋ ಮಗಳಿಗೋ ವಿಮೆ ಮಾಡಿಸಿ ವರ್ಷ ವರ್ಷ ಕಂತು ಕಟ್ಟಿದರೆ ರಿಯಾಯಿತಿ ಸಿಗುತ್ತಿತ್ತು. ಆದರೆ ಆ ಹಣ ಮಗುವಿಗೆ ಸೇರಬೇಕಾದರೆ ಕಟ್ಟಿದವರು ತೀರಿಕೊಂಡಿರಬೇಕು. ತಂದೆ ಬದುಕಿದ್ದು, ನಿವೃತ್ತನಾಗಿ, ಕೈಯಲ್ಲಿ ಕಾಸಿಲ್ಲದೆ ಒದ್ದಾಡುತ್ತಿದ್ದರೂ ಬಿಡಿಗಾಸು ಬರುವಂತಿಲ್ಲ. ಒಬ್ಬ ತಂದೆ ಇದನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದರು. 2019ರಲ್ಲಿ ಕೋರ್ಟು ಅವರು ಕೇಳಿದ ಪರಿಹಾರ ಕೊಡಲಿಲ್ಲ, ಆದರೆ ಸರ್ಕಾರ ಈ ವಿಷಯ ಪರಿಶೀಲಿಸಲಿ ಎಂದಿತು. ಸರ್ಕಾರ ಪರಿಶೀಲಿಸಿ 2022ರ ಬಜೆಟ್ಟಿನಲ್ಲಿ ಔದಾರ್ಯ ತೋರಿತು: ಇನ್ನು ಸಾಯಬೇಕಿಲ್ಲ, ಅರವತ್ತು ತುಂಬಿದರೆ ಸಾಕು. ಆದರೆ 2020ರಲ್ಲೇ ಬಂದಿದ್ದ ಹೊಸ ತೆರಿಗೆ ಪದ್ಧತಿಯಲ್ಲಿ, ಯಾರು ಏನನ್ನೂ ಆರಿಸಿಕೊಳ್ಳದಿದ್ದರೆ ಈಗ ತಾನಾಗಿ ಅಂಟಿಕೊಳ್ಳುವ ಆ ಪದ್ಧತಿಯಲ್ಲಿ, ಈ ರಿಯಾಯಿತಿಯೇ ಇಲ್ಲ.

ಬಡವರಿಗಾದರೆ ಇನ್ನೂ ಸರಳ. ಬಿಪಿಎಲ್ ಕುಟುಂಬದ, ಶೇಕಡ 80 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿರುವ ವಯಸ್ಕರಿಗೆ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆಯಲ್ಲಿ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ರಾಜ್ಯ ತನ್ನ ಕೈಲಾದದ್ದು ಸೇರಿಸುತ್ತದೆ. ದಿನಕ್ಕೆ ಹತ್ತು ರೂಪಾಯಿ, ಅಂದರೆ ದರ್ಶಿನಿಯಲ್ಲಿ ಅರ್ಧ ಕಾಫಿ. ಶೇಕಡ 79 ಇದ್ದವರಿಗೆ ವಾಸನೆ ಮಾತ್ರ.

ಹಾಗೆಂದು ಕಾನೂನುಗಳೇ ಇಲ್ಲವೆಂದು ತಿಳಿಯಬೇಡಿ, ಕಾನೂನಿಗೆ ನಮ್ಮಲ್ಲಿ ಎಂದೂ ಬರವಿಲ್ಲ. 1999ರಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹು ಅಂಗವೈಕಲ್ಯ ಇರುವವರಿಗೆಂದೇ ರಾಷ್ಟ್ರೀಯ ಟ್ರಸ್ಟ್ ಕಾಯ್ದೆ ಬಂತು. ತಂದೆತಾಯಿಯ ನಂತರ ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದೇ ಅದರ ಉದ್ದೇಶಗಳಲ್ಲೊಂದು. ಕೇಂದ್ರ ಸರ್ಕಾರ ಒಂದೇ ಸಲಕ್ಕೆಂದು 100 ಕೋಟಿ ರೂಪಾಯಿಯ ಮೂಲನಿಧಿ ಕೊಟ್ಟಿತು. ಬೆಂಗಳೂರಿನ ಒಂದು ಮೇಲ್ಸೇತುವೆಯ ಅರ್ಧಕ್ಕೆ ಅದು ಸಾಕಾಗಬಹುದು. ಟ್ರಸ್ಟಿನ ಯೋಜನೆಗಳ ಹೆಸರು ಕೇಳಿದರೆ ಹೊಟ್ಟೆ ತುಂಬುತ್ತದೆ: ದಿಶಾ, ವಿಕಾಸ್, ಸಮರ್ಥ್, ಘರೌಂದಾ, ನಿರಾಮಯ, ಬಢತೇ ಕದಂ. ಇವುಗಳಲ್ಲಿ ವಯಸ್ಕರ ಗ್ರೂಪ್ ಹೋಮ್‌ಗೆಂದು ಇದ್ದದ್ದು ಘರೌಂದಾ. ಈಗ ಅದನ್ನು ಸಮರ್ಥ್ ಜೊತೆ ಸೇರಿಸಿ ಒಂದೇ ಯೋಜನೆ ಮಾಡಿದ್ದಾರೆ. ಗ್ರೂಪ್ ಹೋಮ್‌ಗೆ ಜಾಗ ಸಿಗದಿದ್ದರೂ ಗ್ರೂಪ್ ಹೋಮ್ ಯೋಜನೆಗಾದರೂ ಒಂದು ಜೊತೆ ಸಿಕ್ಕಿತು.

ಅದೇ ಕಾಯ್ದೆಯ ಇನ್ನೊಂದು ವಿಶೇಷ ಕೇಳಿ. ಮಗನಿಗೆ ಹದಿನೆಂಟು ತುಂಬಿದ ರಾತ್ರಿ ಅಪ್ಪ ಅಮ್ಮ ಸಹಜ ಪೋಷಕರಾಗಿ ಉಳಿಯುವುದಿಲ್ಲ. ಹದಿನೆಂಟು ವರ್ಷ ಸ್ನಾನ ಮಾಡಿಸಿದ ತಾಯಿ, ಬ್ಯಾಂಕಿನಲ್ಲಿ ಅವನ ಪರವಾಗಿ ಸಹಿ ಹಾಕಲು, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವದ ಪ್ರಮಾಣಪತ್ರ ಪಡೆಯಬೇಕು. ಜಿಲ್ಲಾಧಿಕಾರಿಗಳೋ, ಬರ, ನೆರೆ, ದಸರಾ, ಚುನಾವಣೆ, ಮಂತ್ರಿಗಳ ಭೇಟಿ ಇಷ್ಟರ ನಡುವೆ ಬಿಡುವು ಮಾಡಿಕೊಂಡು ಈ ಸಮಿತಿಯ ಸಭೆ ಕರೆಯಬೇಕು. ಅರ್ಜಿ ಹಾಕಿದ ತಾಯಿಗೆ ಮೀಟಿಂಗ್ ಹಾಲಿನ ಹೊರಗಿನ ಬೆಂಚು ಚೆನ್ನಾಗಿ ಪರಿಚಯವಾಗುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮತ್ತೂ ಮುಂದೆ ಹೋಗುತ್ತದೆ. ಅದರ 5ನೇ ಕಲಮಿನ ಪ್ರಕಾರ ಇವರಿಗೆ ಸಮುದಾಯದ ನಡುವೆಯೇ ಬದುಕುವ ಹಕ್ಕಿದೆ; ಇಂಥ ವ್ಯವಸ್ಥೆಯಲ್ಲೇ ವಾಸಿಸಬೇಕೆಂದು ಇವರನ್ನು ಕಟ್ಟಿಹಾಕದಂತೆ ನೋಡಿಕೊಳ್ಳಲು ಸರ್ಕಾರ ಪ್ರಯತ್ನಿಸಬೇಕು. ಎಷ್ಟು ಒಳ್ಳೆಯ ಮಾತು! ಸಮುದಾಯಕ್ಕೆ ಇದರ ಒಂದು ಪ್ರತಿ ಕಳಿಸಲು ಮಾತ್ರ ಮರೆತಂತಿದೆ.

ಎಲ್ಲ ದೋಷವನ್ನೂ ಬಡಾವಣೆಯ ತಲೆಗೆ ಕಟ್ಟಿ ಗ್ರೂಪ್ ಹೋಮ್‌ಗಳಿಗೆ ಆರತಿ ಎತ್ತುವುದೂ ನನ್ನಿಂದಾಗದು. ಕೆಲವು ಕಡೆ ಬೋರ್ಡು ಮಾತ್ರ ಗ್ರೂಪ್ ಹೋಮಿನದು, ಒಳಗೆ ಹಳೆಯ ಕಾಲದ ಅನಾಥಾಲಯ. ಅರವತ್ತು ಜನಕ್ಕೆ ಒಂದು ಹಾಲು, ಗಂಡಸರಿಗೂ ಹೆಂಗಸರಿಗೂ ಒಂದೇ ಕ್ರಾಪು, ಸಂಜೆ ಏಳಕ್ಕೆ ಊಟ, ಎಂಟಕ್ಕೆ ದೀಪ ಆರಿಸಬೇಕು. ನಲವತ್ತು ವರ್ಷದವನು ಇನ್ನೊಂದು ಲೋಟ ಟೀ ಕೇಳಿದರೆ "ಹಟ ಮಾಡ್ತಾನೆ" ಎಂದು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಅದೇ ವಯಸ್ಸಿನ ನಾನು ಮೂರನೆಯ ಲೋಟ ಕೇಳಿದರೆ ಲೇಖಕ. ಇಂಥ ಮನೆಗಳನ್ನು ಅಳೆಯಲು ನನ್ನ ಹತ್ತಿರ ಇರುವುದು ಒಂದೇ ಕೋಲು: ಅಲ್ಲಿರುವವರು ಫ್ರಿಜ್ಜನ್ನು ಯಾರನ್ನೂ ಕೇಳದೆ ತೆರೆಯಬಹುದೇ? ತಮ್ಮ ಕೋಣೆಯ ಬಾಗಿಲು ಹಾಕಿಕೊಳ್ಳಬಹುದೇ?

ನಾವೂ ಆಗಾಗ ಒಬ್ಬ ಸಂತನನ್ನು ಹುಡುಕಿ, ಈ ಜನರನ್ನು ಅವನ ಮಡಿಲಿಗೆ ಹಾಕಿ, ಕೈ ಮುಗಿದು ಹೊರಟುಬಿಡುತ್ತೇವೆ. ಜಾನ್ ವಾನ್ಯೇ ಎಂಬಾತ 1964ರಲ್ಲಿ ಫ್ರಾನ್ಸಿನ ಹಳ್ಳಿಯೊಂದರಲ್ಲಿ, ಸಂಸ್ಥೆಯೊಂದರಲ್ಲಿ ಕೊಳೆಯುತ್ತಿದ್ದ ಇಬ್ಬರನ್ನು ಮನೆಗೆ ಕರೆತಂದು ಒಟ್ಟಿಗೆ ಬಾಳಲು ಶುರುಮಾಡಿದ. ಲಾರ್ಶ್ ಎಂಬ ಆ ಪ್ರಯೋಗ ದೇಶದೇಶಗಳಿಗೆ ಹಬ್ಬಿತು. 1970ರಲ್ಲೇ ಬೆಂಗಳೂರಿನಲ್ಲಿ ಆಶಾನಿಕೇತನ ತೆರೆಯಿತು. ನೆರವು ಬೇಕಾದವರೂ ನೆರವು ಕೊಡುವವರೂ ಒಂದೇ ಪಂಕ್ತಿಯಲ್ಲಿ ಉಣ್ಣುವ ಮನೆ ಎಂಬ ಕಲ್ಪನೆ ನಮ್ಮ ಊರಿಗೆ ಬಂದು ಅರ್ಧ ಶತಮಾನ ದಾಟಿದೆ. ವಾನ್ಯೇ ತೀರಿಕೊಂಡ ಮರುವರ್ಷ, 2020ರಲ್ಲಿ, ಅವನ ಸಂಸ್ಥೆಯೇ ಮಾಡಿಸಿದ ತನಿಖೆಯಲ್ಲಿ ಆತ ಆರು ಮಂದಿ ಮಹಿಳೆಯರನ್ನು ಲೈಂಗಿಕವಾಗಿ ಬಳಸಿಕೊಂಡಿದ್ದ ಎಂದು ಹೊರಬಿತ್ತು. ಅವರು ಅಂಗವೈಕಲ್ಯ ಉಳ್ಳವರಲ್ಲ, ಅವನನ್ನು ಗುರುವೆಂದು ನಂಬಿದವರು. ತನಿಖೆ ಮಾಡಿಸಿ ತಾನೇ ಪ್ರಕಟಿಸಿದ ಸಂಸ್ಥೆಗೆ ಒಂದು ನಮಸ್ಕಾರ. ನಮ್ಮಲ್ಲಾಗಿದ್ದರೆ ಭಕ್ತರು ತನಿಖಾಧಿಕಾರಿಯ ಮನೆ ಮುಂದೆ ಭಜನೆ ಕೂರುತ್ತಿದ್ದರು.

ನಮ್ಮ ಬಡಾವಣೆಯವರು ಕರುಣೆಯಿಲ್ಲದವರೇನಲ್ಲ. ಊರಾಚೆಯ ಮನೆಗಳಿಗೆ ತಪ್ಪದೆ ಹೋಗುತ್ತಾರೆ, ಮಗಳ ಹುಟ್ಟುಹಬ್ಬದ ದಿನ. ಬಿಸಿಬೇಳೆಬಾತು, ಜಾಮೂನು, ಮೊಟ್ಟೆಯಿಲ್ಲದ ಕೇಕು. ನಲವತ್ತು, ಐವತ್ತು ವಯಸ್ಸಿನವರನ್ನು ಸಾಲಾಗಿ ನಿಲ್ಲಿಸಿ, ತಲೆಗೆ ರಟ್ಟಿನ ಟೋಪಿ ಇಟ್ಟು, ಪರಿಚಯವೇ ಇಲ್ಲದ ಮಗುವಿಗೆ "ಹ್ಯಾಪಿ ಬರ್ತ್‌ಡೇ" ಹಾಡಿಸುತ್ತಾರೆ. ಫೋಟೋ ಆಗುತ್ತದೆ, "ಬ್ಲೆಸ್ಡ್" ಎಂದು ಸ್ಟೇಟಸ್ ಆಗುತ್ತದೆ. ಒಂದೇ ವಾರದಲ್ಲಿ ಮೂರು ಕುಟುಂಬಗಳು ಬಂದರೆ ಮೂರು ಸಲ ಟೋಪಿ, ಮೂರು ಸಲ ಜಾಮೂನು. ಇಂಥ ಮನೆಯೊಂದರಲ್ಲಿ ಸಕ್ಕರೆ ಕಾಯಿಲೆ ಯಾಕೆ ಹೆಚ್ಚುತ್ತಿದೆಯೆಂದು ವೈದ್ಯರು ತಲೆ ಕೆರೆದುಕೊಂಡರಂತೆ. ಕೇಕು ಬೇಡ, ಆರೈಕೆಯವರೊಬ್ಬರ ಒಂದು ತಿಂಗಳ ಸಂಬಳ ಕೊಡಿ ಎಂದು ಮೇಲ್ವಿಚಾರಕಿ ಕೇಳಿನೋಡಿದ್ದಾರೆ. ಸಂಬಳ ಫೋಟೋದಲ್ಲಿ ಕಾಣುವುದಿಲ್ಲವಲ್ಲ! ಹೀಗಾಗಿ ಹುಟ್ಟುಹಬ್ಬದ ಡೈರಿ ಬರುವ ಯುಗಾದಿಯವರೆಗೂ ಭರ್ತಿ, ರಾತ್ರಿ ಪಾಳಿಯ ಜಾಗ ಖಾಲಿ.

ಆ ಜಾಗಕ್ಕೆ ಕರೆದಾಗ ಒಬ್ಬಾಕೆ ಬಂದಿದ್ದಳು. ಕೆಲಸವೇನೆಂದು ಮೇಲ್ವಿಚಾರಕಿ ವಿವರಿಸಿದರು: ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಬೇಕು, ಎರಡು ಗಂಟೆಗೊಮ್ಮೆ ಎದ್ದು ನೋಡಬೇಕು, ಹಾಸಿಗೆ ಒದ್ದೆಯಾದರೆ ಬದಲಿಸಬೇಕು, ನಿದ್ದೆ ಬಾರದವನ ಜೊತೆ ಕೂತು ಮಾತಾಡಬೇಕು, ಅವನು ಹೊಡೆದರೂ ತಿರುಗಿ ಹೊಡೆಯಬಾರದು. ಆಕೆ ಎಲ್ಲ ಕೇಳಿಸಿಕೊಂಡು, "ವಾರಕ್ಕೆ ಎಷ್ಟು ರಜೆ ಮೇಡಂ? ಇಷ್ಟು ಕೆಲಸಕ್ಕೆ ಈ ಸಂಬಳ ಸಾಲಲ್ಲ" ಎಂದಳು. ಸರಿಯಾಗಿಯೇ ಕೇಳಿದಳು. ಪಕ್ಕದ ಕುರ್ಚಿಯಲ್ಲಿ ಮಗನನ್ನು ಸೇರಿಸಲು ಬಂದಿದ್ದ ಎಪ್ಪತ್ತೊಂದರ ತಾಯಿ ಕೂತಿದ್ದರು. ಈ ಕೆಲಸವನ್ನು ಮೂರೂ ಪಾಳಿಯಲ್ಲಿ ನಲವತ್ತನಾಲ್ಕು ವರ್ಷದಿಂದ ಮಾಡುತ್ತಿರುವವರು. ಅವರು ತುಂಬುತ್ತಿದ್ದ ಅರ್ಜಿಯಲ್ಲಿ "ತಾಯಿಯ ಉದ್ಯೋಗ" ಎಂಬ ಕಾಲಂ ಇತ್ತು. ಎಲ್ಲ ಅರ್ಜಿಗಳಲ್ಲೂ ಬರೆಯುತ್ತ ಬಂದಂತೆ ಅದರ ಮುಂದೆ "ಏನೂ ಇಲ್ಲ" ಎಂದು ಬರೆದು, ಮುಂದಿನ ಕಾಲಂಗೆ ಹೋದರು.